ಮಾಸ್ತರರ ಮಗನ ಅಂಗಿ

ಬೋರವ್ವನ ಉಡಿಗೆ ಅಕ್ಕಿ ಹಾಕಲು ನೀಲಾಬಾಯಿ ಬೊಗಸೆ ಎತ್ತಿದ್ದಳು. ಬೋರವ್ವನ ಗಂಡ ಕರೆಪ್ಪ ನಡುವೆ ಬಂದು ಕೈ ಅಡ್ಡ ಹಿಡಿದ.

“ತಡೀರಿ ಅವ್ವಾರ. ಒಂದ ಮಾತ ಕೇಳಿ ಆಮ್ಯಾಲ ಹಾಕ್ರಿ.”

ಅಂಗಳದ ಹೆಂಗಸರು ಅಳುವುದನ್ನು ಬಿಟ್ಟು ನೋಡಿದರು. ಮುತ್ತೈದೆ ಸಾವು. ಹಸಿರು ಸೀರೆ ಉಡಿಸಿ, ಹಣೆತುಂಬ ಕುಂಕುಮ ಹಚ್ಚಿ, ಬೋರವ್ವನನ್ನು ಗೋಡೆಗೆ ಆನಿಸಿ ಕೂಡಿಸಿದ್ದರು. ಆ ಸೀರೆ ತಂದವಳೂ ನೀಲಾಬಾಯಿಯೇ, ಬಸಲಿಂಗಯ್ಯ ಮಾಸ್ತರರ ಹೆಂಡತಿ. ಮಡಿವಾಳಗಿತ್ತಿಯ ಹೆಣಕ್ಕೆ ಹೊಸ ಸೀರೆ ಹಿಡಿದು ಮಾಸ್ತರರ ಮನೆಯಾಕೆ ಬರುವುದೆಂದರೆ ಸಣ್ಣ ಮಾತೇ? ಓಣಿಯೆಲ್ಲ ಅದನ್ನೇ ಆಡಿಕೊಂಡಿತ್ತು.

“ಈಗೇನ ಮಾತೋ ಮಾರಾಯಾ,” ಎಂದಳು ಬೋರವ್ವನ ಅತ್ತಿಗೆ ಗುರುಸಿದ್ದವ್ವ. ಆಕೆ ನಸುಕಿನಲ್ಲೇ ಸಾರವಾಡದಿಂದ ಚಕ್ಕಡಿಯಲ್ಲಿ ಬಂದಿದ್ದಳು. “ಕುಣಿ ತೋಡಿ ಕುಂತಾರ. ಬಿಸಿಲ ಏರಾಕತ್ತೈತಿ.”

“ಅವನಿಗೂ ತಲಿ ಕೆಟ್ಟೈತಿ, ಪಾಪ,” ಎಂದಳು ನೆರೆಮನೆಯ ಜುಲೇಖಾ. “ಆಕಿ ಜೋಡಿ ಬಾಳ್ವೆ ಮಾಡೂದು ಹಗರಿತ್ತೇನ? ಬಿಳೇ ಬಟ್ಟಿ ಕಂಡ್ರ ಸಾಕು, ಇಲ್ಲಿ ನೇರಳಿ ಶಾಯಿ ಕಲಿ ಐತಿ ಅಂತ ತಿಕ್ಕೂದ ತಿಕ್ಕೂದು. ನನ್ನ ದುಪಟ್ಟಾ ಜರಡಿ ಮಾಡಿ ಕೊಟ್ಟಿದ್ಳು. ಹುಚ್ಚ ಹಿಡದಿತ್ತು.”

“ಹುಚ್ಚಲ್ಲ,” ಎಂದ ಕರೆಪ್ಪ.

ಮೊನ್ನೆ ಬೋರವ್ವ ಅವನ ಕೈ ಹಿಡಿದು ಆಣೆ ಹಾಕಿಸಿಕೊಂಡಿದ್ದಳು: ನನಗೆ ಮಣ್ಣು ಕೊಡುವ ಮೊದಲು ನೀಲಾಬಾಯಿಗೆ ಎಲ್ಲ ಹೇಳಬೇಕು. ಆರು ವರ್ಷ ತನ್ನ ಬಾಯಿಂದ ಹೊರಡದ ಮಾತನ್ನು ಗಂಡನ ತಲೆಗೆ ಕಟ್ಟಿ ಹೋಗಿದ್ದಳು ಪುಣ್ಯಾತಗಿತ್ತಿ. ಹೇಳಿದರೆ ನೀಲಾಬಾಯಿ ಉಡಿ ತುಂಬುತ್ತಾಳೆಯೇ? ಉಡಿಸಿದ ಸೀರೆಯನ್ನೇ ಬಿಚ್ಚಿಸಿಕೊಂಡು ಹೋದರೆ? ಹೇಳದಿದ್ದರೆ, ಬೋರವ್ವ ಮಣ್ಣೊಳಗೂ ತಿಕ್ಕುತ್ತಲೇ ಇರುತ್ತಾಳೆ. ಕರೆಪ್ಪನಿಗೆ ಅದೇ ಹೆಚ್ಚಿನ ಹೆದರಿಕೆ.

*

ವಿಜಾಪುರದಲ್ಲಿ ಶಾಯಿ ಕಲೆ ಎಂದರೆ ಬೋರವ್ವನ ಹೆಸರು ಬರುತ್ತಿತ್ತು. ವಕೀಲರ ಕೋಟು, ಕಾರಕೂನರ ಧೋತರ, ಎಲ್ಲ ಅವಳ ಕೈಗೇ. ಹಸಿ ಕಲೆಗೆ ಹಾಲು. ಒಣಗಿದ್ದಕ್ಕೆ ಲಿಂಬೆಹುಳಿ, ಉಪ್ಪು, ಮೇಲೆ ಬಿಸಿಲು. ಸಾಲೆಯ ಮಕ್ಕಳ ಬೆರಳನ್ನು ಲಿಂಬೆಸಿಪ್ಪೆಯಿಂದ ತಿಕ್ಕಿ ಕಳಿಸುವಳು. ಒಮ್ಮೆ ಮಾಸ್ತರರ ಹಾಜರಿ ಪುಸ್ತಕದ ಮೇಲೆ ಶಾಯಿಯ ದೌತಿ ಉರುಳಿದಾಗ, ಸುಣ್ಣದ ಪುಡಿ ಉದುರಿಸಿ ಶಾಯಿ ಹೀರಿಸಿ ಅಕ್ಷರ ಉಳಿಸಿಕೊಟ್ಟಿದ್ದಳು. ತಾನು ಒಂದಕ್ಷರ ಕಲಿತವಳಲ್ಲ. ಆದರೆ ಹಮ್ಮು ಇತ್ತು. ಕೈಯಲ್ಲಿ ಅಂಥ ಕಸುಬು ಇದ್ದವರಿಗೆ ಇರದೆ ಹೋದೀತೇ?

ನಲವತ್ತೆರಡರ ಶ್ರಾವಣದಲ್ಲಿ ಬೆಳಗಾದರೆ ಊರ ಗೋಡೆಗಳ ಮೇಲೆ ಬ್ರಿಟಿಷ್ ಸರಕಾರದ ವಿರುದ್ಧ ನೇರಳೆ ಶಾಯಿಯ ಕರಪತ್ರ. ಬರೆದವರನ್ನು ಪೊಲೀಸರು ಹುಡುಕುತ್ತಿದ್ದರು. ಓದಲು ಬಾರದ ಬೋರವ್ವನಿಗೆ ಅದೆಲ್ಲ ಏನು ಗೊತ್ತು. ಅದೇ ವಾರ ಮಾಸ್ತರರ ಮನೆಯಿಂದ ಮಗ ಶಿವಶರಣಪ್ಪನ ಅಂಗಿ ಒಗೆಯಲು ಬಂತು, ತೋಳೆಲ್ಲ ನೇರಳೆ. ಮೂರು ದಿನ ಅವಳು ಅದರ ಬೆನ್ನು ಬಿಡಲಿಲ್ಲ. ನಾಲ್ಕನೆಯ ದಿನ ಪೊಲೀಸ ಜಮಾದಾರ ಶಾಯಿ ಬಿದ್ದ ತನ್ನ ಅಂಗಿ ಹಿಡಿದು ಬಂದ.

“ಇದು ಹೋಗತೈತೇನಬೇ?”

“ಇದೇನ ಮಹಾ ಬಿಡ್ರಿ ಸಾಹೇಬ್ರ. ಮಾಸ್ತರ ಮಗನ ಅಂಗ್ಯಾಗಿನ ನೇರಳಿ ಶಾಯೀನ ತಗದೀನಿ. ನೋಡ್ರಿ, ಎಲ್ಲ್ಯರ ಕಾಣತೈತೇನು?”

ಜಮಾದಾರ ಆ ಅಂಗಿಯನ್ನು ಬಿಸಿಲಿಗೆ ಹಿಡಿದು ನೋಡಿದ. ಶಾಬಾಸ್ ಎಂದ. ಸಂಜೆಗೆ ಶಿವಶರಣಪ್ಪನನ್ನು ಹಿಡಿದೊಯ್ದರು. ಜೈಲಿನಲ್ಲಿ ಜ್ವರ ಬಂತು. ದೀಪಾವಳಿಗೆ ಹೆಣ ಬಂತು.

*

ಕರೆಪ್ಪ ಇಷ್ಟನ್ನೂ ನೆಲ ನೋಡುತ್ತ ಹೇಳಿ ಮುಗಿಸಿದ.

“ತಿಳೀದ ಆಡಿದ ಮಾತ್ರಿ ಅವ್ವಾರ. ಆದ್ರ ನಿಮ್ಮ ಹೊಟ್ಟಿಗೆ ಬೆಂಕಿ ಹಾಕಿದಾಕಿ ಆಕೀನ. ಉಡಿ ತುಂಬೂದು ಬಿಡೂದು ನಿಮಗ ಬಿಟ್ಟದ್ದು. ಸೀರಿ ಬೇಕಂದ್ರ ಅದನ್ನೂ ಒಯ್ಯಿರಿ, ನಾ ಹಳೇದ ಉಡಸ್ತೇನಿ.”

ನೀಲಾಬಾಯಿಯ ಬೊಗಸೆ ಸಡಿಲಿ ಅಕ್ಕಿ ನೆಲಕ್ಕೆ ಸುರಿಯಿತು.

“ಆ ಅಂಗಿ ಈಕಿಗೆ ಕೊಟ್ಟಾಕಿ ಯಾರು?” ಎಂದಳು.

ಖಾಲಿ ಕೈಯನ್ನು ತನ್ನ ಎದೆಯ ಮೇಲಿಟ್ಟುಕೊಂಡಳು.

“ಸುಟ್ಟ ಬಿಡಬೇ ಯವ್ವಾ ಅಂದಿದ್ದ ನನ್ನ ಮಗಾ. ಕೈ ಮುಗದ ಹೇಳಿದ್ದ. ಹೊಸಾ ಅಂಗಿ, ಸುಡಾಕ ಮನಸ ಬರಲಿಲ್ಲ ನನಗ. ಬೋರವ್ವನ ಕೈಗೆ ಹೋದ್ರ ಹೊಸದಾಗಿ ಬರತೈತಿ ಅಂತ, ಅವನಿಗೆ ಹೇಳದಂಗ ಕೊಟ್ಟೆ.” ಆಕೆ ಉಸಿರು ಎಳೆದುಕೊಂಡಳು. “ಆರ ವರ್ಷ ಹಬ್ಬಹಬ್ಬಕ್ಕ ಈಕಿಗೆ ಹೋಳಿಗಿ ತಂದ ಕೊಟ್ಟೇನಿ, ಕರೆಪ್ಪಾ. ಪ್ರೀತೀಲೆ ಅಂತ ತಿಳದಿದ್ದೇನು? ಅಂಗಿ ಕೊಟ್ಟಾಕಿ ನೀಲಾಬಾಯೀನ ಅಂತ ಎಲ್ಲಿ ಮಾಸ್ತರ ಮುಂದ ಅಂದಾಳೋ ಅಂತ ಹೆದರಿ.”

ಗುರುಸಿದ್ದವ್ವ ಸೆರಗಿನಿಂದ ಬಾಯಿ ಮುಚ್ಚಿಕೊಂಡಳು. ನೀಲಾಬಾಯಿ ನೆಲದ ಅಕ್ಕಿಯನ್ನು ಎರಡೂ ಕೈಯಿಂದ ಬಳಿದು ಬೋರವ್ವನ ಉಡಿಗೆ ಹಾಕಿದಳು. ಆಮೇಲೆ ಮೊಣಕಾಲೂರಿ, ಅವಳ ಕಿವಿಯ ಹತ್ತಿರ ಬಾಯಿ ಒಯ್ದು ಏನೋ ಕೇಳಿದಳು. ಅದು ಯಾರಿಗೂ ಕೇಳಿಸಲಿಲ್ಲ.

ಕೇಳಿಯಾದ ಮೇಲೆ ಮುಖ ತಿರುಗಿಸಿ, ತನ್ನ ಕಿವಿಯನ್ನು ಆ ತಣ್ಣಗಿನ ತುಟಿಗಳಿಗೆ ಹಚ್ಚಿ ಉತ್ತರಕ್ಕೆ ಕಾಯುತ್ತ ಕುಳಿತಳು. ಹೊರಲು ಬಂದ ನಾಲ್ವರು ಬಾಗಿಲಲ್ಲೇ ನಿಂತರು.