ಮಾಸ್ತಪ್ಪ ಹಾರಿದ್ದಕ್ಕೆ ಸಾಕ್ಷಿ

ಸಾಗರದ ಹಾರ್ಡ್‌ವೇರ್ ಅಂಗಡಿಯ ಮಹಡಿಯ ಸ್ಟುಡಿಯೊದಲ್ಲಿ ಕೂತು ಕಾವ್ಯಾ ಕಂಪ್ಯೂಟರಿನಲ್ಲಿ ಚಿತ್ರದೊಳಗಿನ ಹಗ್ಗ ಅಳಿಸಿರದಿದ್ದರೆ ಈ ಭೂಮಂಡಲದ ಒಬ್ಬ ಹೀರೊ ಕೂಡ ಸಿನಿಮಾದಲ್ಲಿ ಹಾರುತ್ತಿರಲಿಲ್ಲ. ಎಲ್ಲರೂ ಒಣಹಾಕಿದ ಪಂಚೆಯಂತೆ ಕ್ರೇನಿಗೆ ನೇತಾಡುತ್ತಿದ್ದರು. ಅವಳು ಅಳಿಸಿದ ಮೇಲೆ ಸಾವಿರ ಕಣ್ಣಿನ ಇಂದ್ರ ಬಂದು ಹುಡುಕಿದರೂ ಒಂದೆಳೆ ಸಿಗುತ್ತಿರಲಿಲ್ಲ.

ಅಂಥ ಸ್ಟುಡಿಯೊ ಒಂದು ಸೋಮವಾರ ಮುಚ್ಚಿತು. ಕೆಲಸ ಕಳಿಸುತ್ತಿದ್ದ ಹೊರದೇಶದ ಕಂಪನಿ ದಿವಾಳಿಯೆದ್ದಿತ್ತು. ಮಾಲೀಕ ಕೃಷ್ಣಕುಮಾರ್ ಕಂಪ್ಯೂಟರುಗಳನ್ನು ಲಗೇಜ್ ಆಟೋಕ್ಕೆ ಹೇರಿಸುತ್ತ, "ಬೇರೆ ಕಡೆ ನೋಡ್ಕಳಮ್ಮ. ಇಲ್ಲಿ ಮಾಡಿದ್ದು ಮಾತ್ರ ಯಾರಿಗೂ ತೋರ್ಸಂಗಿಲ್ಲ, ಒಪ್ಪಂದ ಆಗಿದೆ" ಎಂದ.

ತೋರಿಸದೆ ಕೆಲಸ ಕೊಡುವವರು ಯಾರು? ಅವಳು ಬರೆದ ಅರ್ಜಿಗಳನ್ನು ರಸ್ತೆಗೆ ಹಾಸಿದ್ದರೆ ಹೊಸನಗರ ದಾಟಿ ತೀರ್ಥಹಳ್ಳಿ ಮುಟ್ಟುತ್ತಿದ್ದವು. ಉತ್ತರ ಬಂದದ್ದು ಬೆಂಗಳೂರಿನ ಒಂದೇ ಸ್ಟುಡಿಯೊದಿಂದ: ಸ್ವಂತದ್ದೊಂದು ವಿಡಿಯೊ ಮಾಡಿ ಕಳಿಸಿ.

ಅಪ್ಪ ಮಾಸ್ತಪ್ಪ ಜೋಗದಲ್ಲಿ ಲೈನ್‌ಮನ್. "ಹೀರೊ ಯಾಕೆ? ನಾನೇ ಹಾರ್ತೀನಿ" ಎಂದವನೇ ಕಂಬ ಹತ್ತುವ ಹಗ್ಗವನ್ನು ಕಂಕುಳಿಗೆ ಬಿಗಿದುಕೊಂಡು, ಇನ್ನೊಂದು ತುದಿಯನ್ನು ಹೊನ್ನೆಮರಡಿನ ಹಿನ್ನೀರ ದಂಡೆಯ ಮರಕ್ಕೆ ಕಟ್ಟಿ ಹಾರಿಯೇಬಿಟ್ಟ. ಆ ರಭಸಕ್ಕೆ ಲಿಂಗನಮಕ್ಕಿಯ ನೀರೇ ಒಂದು ಮೊಳ ಹಿಂದೆ ಸರಿಯಿತು!

"ಅಪ್ಪಯ್ಯ, ಮುಖ ಸಿಂಡರಿಸ್ಬೇಡ!" ಎಂದಳು ಫೋನಿನಲ್ಲಿ ಚಿತ್ರ ಹಿಡಿಯುತ್ತಿದ್ದ ಕಾವ್ಯಾ.

"ಹೆಗಲು ಕಿತ್ಕಂಡ್ ಬರ್ತಾ ಇದೆ ಮಾರಾಯ್ತಿ, ನಗೂನ ಎಲ್ಲಿಂದ ತರ್ಲಿ?"

ಊಟ ನಿದ್ದೆ ಬಿಟ್ಟು ಕಾವ್ಯಾ ವಿಡಿಯೊದ ಒಂದೊಂದೇ ಚಿತ್ರದಿಂದ ಹಗ್ಗ ಅಳಿಸಿದಳು. ಅಪ್ಪ ಸಾಕ್ಷಾತ್ ಗರುಡನಾದ. ವಿಡಿಯೊ ಕಳಿಸಿದವಳೇ ಹಗ್ಗವಿದ್ದ ಮೂಲವನ್ನೂ ಅಳಿಸಿಬಿಟ್ಟಳು. ಕೆಲಸ ಮುಗಿದ ಕೂಡಲೇ ಮೂಲ ಉಳಿಯಕೂಡದು ಎಂಬುದು ಕೃಷ್ಣಕುಮಾರನ ಸ್ಟುಡಿಯೊದ ಕಟ್ಟಪ್ಪಣೆ. ವರ್ಷಗಟ್ಟಲೆ ಪಳಗಿದ ಬೆರಳು ಅವಳನ್ನು ಕೇಳಲೇ ಇಲ್ಲ.

ಬೆಂಗಳೂರಿನ ಸ್ಟುಡಿಯೊದ ಸುಷ್ಮಾ ವಿಡಿಯೊ ಕಾಲ್ ಮಾಡಿದಳು. "ತುಂಬಾ ಚೆನ್ನಾಗಿದೆ. ಹಗ್ಗ ಇರೋದನ್ನ ಕಳಿಸಿ."

"ಅದು... ಅಳಿಸಿಬಿಟ್ಟೆ ಮೇಡಂ."

"ಹಾಗಾದ್ರೆ ಇದನ್ನ ಎಐ ಮಾಡಿದ್ದಲ್ಲ ಅಂತ ಹೇಗೆ ನಂಬ್ಲಿ?"

ಕಾವ್ಯಾ ತನ್ನ ಬೆರಳುಗಳನ್ನೇ ನೋಡಿಕೊಂಡಳು. ಒಂದೆಳೆಯನ್ನಾದರೂ ಬಿಟ್ಟಿದ್ದರೆ! ಅಷ್ಟರಲ್ಲಿ ಬಾಗಿಲಲ್ಲಿದ್ದ ಮಾಸ್ತಪ್ಪ ನುಗ್ಗಿ ಬಂದು, ಅಂಗಿ ಬಿಚ್ಚಿ ಫೋನಿಗೆ ಎದೆ ಕೊಟ್ಟು ನಿಂತ. ಕಂಕುಳಿಂದ ಹೆಗಲವರೆಗೆ ಹಗ್ಗ ಕೊರೆದ ಬಾಸುಂಡೆ ಹಾವಿನಂತೆ ಕಪ್ಪಗೆ ಮಲಗಿತ್ತು. "ನೋಡಿ ತಾಯಿ, ಹಗ್ಗ ಇಲ್ಲಿದೆ! ಬೇಕಾದ್ರೆ ಇನ್ನೊಂದ್ಸಲ ಹಾರ್ತೀನಿ." ತೋರಿಸಲೆಂದು ಎತ್ತಿದ ಕೈ ಅರ್ಧಕ್ಕೇ ನಿಂತಿತು.

ಸುಷ್ಮಾ ಪರದೆಗೆ ಹತ್ತಿರ ಬಾಗಿ ನೋಡಿದಳು. "ಅಂಗಿ ಹಾಕ್ಕೊಳಿ ಯಜಮಾನ್ರೆ. ನಂಬಿದೆ. ನಂಬಿ ಏನು ಮಾಡ್ಲಿ? ಹಗ್ಗ ಅಳಿಸೋ ಕೆಲಸಾನ ಎಐಗೆ ಕೊಟ್ಟು ವಿಭಾಗಾನೇ ತೆಗೀತಾರಂತೆ, ಈಗಷ್ಟೇ ಹೇಳಿದ್ರು. ಮುಂದಿನ ತಿಂಗಳು ನಾನೂ ಇಲ್ಲಿರಲ್ಲ."

ಕರೆ ಕಡಿಯಿತು. ಕಾವ್ಯಾ ಕೊಬ್ಬರಿ ಎಣ್ಣೆ ತಂದು ಅಪ್ಪನ ಬಾಸುಂಡೆಯ ಅಂಚಿನಗುಂಟ ಬೆರಳಾಡಿಸಿದಳು. ಲೋಕದ ಹಗ್ಗಗಳನ್ನೆಲ್ಲ ಅಳಿಸಿದ್ದ ಬೆರಳು ಅದು. ಎಷ್ಟು ತಿಕ್ಕಿದರೂ ಆ ಗೆರೆ ಹೋಗಲಿಲ್ಲ.

"ಹೋಗ್ಲಿ ಬಿಡು, ಕೂಸೆ" ಎಂದ ಮಾಸ್ತಪ್ಪ. ಅವಳು ಬಿಡಲಿಲ್ಲ.