ಗ್ಯಾನೆಟ್ ಆರ್ಮ್‌ನವರ ಬಿಪಿ

ಹೆಲ್ಗಾ ಪೆನ್ನರ್ ನಮ್ಮೂರು ಗ್ಯಾನೆಟ್ ಆರ್ಮ್‌ಗೆ ನರ್ಸಾಗಿ ಬಂದ ನಾಲ್ಕನೆಯ ದಿನ ಚೆಸ್ ಮಾವ ಹಾರೆ ಹಾಕಿ ಅವಳ ಬಾಗಿಲು ಮುರಿದ. ಅದರಲ್ಲಿ ದ್ವೇಷವೇನೂ ಇರಲಿಲ್ಲ. ಅವನ ಹೆಂಡತಿ ಡಲ್ಸಿ ಅತ್ತೆ ಬಿಸಿ ಬ್ರೆಡ್ಡು ಕೊಡಲು ಹೋಗಿ ಬಾಗಿಲು ನೂಕಿದ್ದಳು. ಬಾಗಿಲು ತೆರೆಯಲಿಲ್ಲ. ಗ್ಯಾನೆಟ್ ಆರ್ಮ್‌ನಲ್ಲಿ ಅರವತ್ತೊಂದು ವರ್ಷ ಬದುಕಿದ ಡಲ್ಸಿ ಅತ್ತೆ ಹಾಡಹಗಲಲ್ಲಿ ತೆರೆಯದ ಬಾಗಿಲನ್ನು ಕಂಡದ್ದು ಅದೇ ಮೊದಲು. ಹೊಸ ನರ್ಸು ಒಳಗೆ ಸತ್ತು ಬಿದ್ದಿದ್ದಾಳೆ ಎಂದು ಅವಳು ತೀರ್ಮಾನಿಸಿದಳು. ಬೇರೆ ಕಾರಣ ಅವಳಿಗೆ ಹೊಳೆಯಲಿಲ್ಲ.

ನರ್ಸು ಸ್ನಾನದ ತೊಟ್ಟಿಯಲ್ಲಿದ್ದಳು, ಕಿವಿಗೆ ವಾಕ್‌ಮನ್ ಸಿಕ್ಕಿಸಿಕೊಂಡು. ಟವೆಲ್ ಸುತ್ತಿಕೊಂಡು ಹೊರಗೆ ಬಂದಾಗ ಅಡುಗೆಮನೆಯಲ್ಲಿ ಏಳು ಜನ ನಿಂತಿದ್ದೆವು.

"ಏನು ಬೇಕು ನಿಮಗೆ?" ಎಂದು ಕೇಳಿದಳು.

"ಬ್ರೆಡ್ಡು ತಂದಿದ್ದೆ ಕಣಮ್ಮ," ಎಂದಳು ಡಲ್ಸಿ ಅತ್ತೆ. "ಸತ್ತಿಲ್ವಲ್ಲ, ಒಳ್ಳೇದಾಯ್ತು."

ಅಂದೇ ಹೆಲ್ಗಾ ಬೀಗ ರಿಪೇರಿ ಮಾಡಿಸಿದಳು. ಅದರ ಮೇಲೊಂದು ಹೊಸ ಬೀಗವನ್ನೂ ಹಾಕಿಸಿದಳು. ಎರಡನ್ನೂ ಹಾಕಿಕೊಟ್ಟವನು ಚೆಸ್ ಮಾವನೇ.

ನಾನು ಬ್ಯೂಲಾ. ಕ್ಲಿನಿಕ್ಕಿನಲ್ಲಿ ಫೈಲು ಜೋಡಿಸುವುದು, ಫೋನು ಎತ್ತುವುದು, ನೆಲ ಒರೆಸುವುದು ನನ್ನ ಕೆಲಸ. ಹೆಲ್ಗಾ ಇಲ್ಲೇ ಉಳಿಯಬೇಕು ಎಂದು ನಾನು ಆಸೆಪಟ್ಟದ್ದರಲ್ಲಿ ಊರಿನ ಹಿತವೇನೂ ಇರಲಿಲ್ಲ. ಅಮ್ಮನ ಎಡಗಾಲಲ್ಲಿ ಮಾಯದ ಹುಣ್ಣೊಂದಿತ್ತು. ವಾರಕ್ಕೆ ಮೂರು ಸಲ ಪಟ್ಟಿ ಬದಲಾಯಿಸಬೇಕು. ಹಳೆಯ ನರ್ಸ್ ಮ್ಯಾಜ್ ನಿವೃತ್ತಳಾಗಿ ಮಗಳ ಊರಿಗೆ ಹೋದ ಮೇಲೆ ಹದಿನಾಲ್ಕು ತಿಂಗಳು ಇಲ್ಲಿ ನರ್ಸೇ ಇರಲಿಲ್ಲ. ಅಷ್ಟೂ ದಿನ ನಾನು ಅಮ್ಮನನ್ನು ಎರಡೂವರೆ ಗಂಟೆ ಜಲ್ಲಿರಸ್ತೆಯಲ್ಲಿ ದೊಡ್ಡಾಸ್ಪತ್ರೆಗೆ ಕರೆದುಕೊಂಡು ಹೋಗುತ್ತಿದ್ದೆ. ಹೋಗುವಾಗ ಎರಡೂವರೆ ಗಂಟೆ, ಬರುವಾಗ ಎರಡೂವರೆ ಗಂಟೆ ಅಮ್ಮ ನನ್ನ ಮದುವೆಯ ವಿಷಯ ಮಾತಾಡುತ್ತಿದ್ದಳು.

ಹೆಲ್ಗಾ ಬಂದದ್ದು 1986ರ ಸೆಪ್ಟೆಂಬರಿನಲ್ಲಿ. ಒಪ್ಪಂದ ಆರು ತಿಂಗಳದ್ದು. ಫೆಬ್ರವರಿ ಮುಗಿಯುವುದರೊಳಗೆ ಮುಂದುವರಿಯುತ್ತೇನೆಂದು ಫಾರಂ ಕಳಿಸಿದರೆ ಅವಳು ಉಳಿಯುತ್ತಾಳೆ. ಕಳಿಸದಿದ್ದರೆ ಇನ್ನೊಬ್ಬ ನರ್ಸನ್ನು ಹುಡುಕುವುದಿಲ್ಲ, ಕ್ಲಿನಿಕ್ ಮುಚ್ಚುತ್ತೇವೆ ಎಂದು ಆರೋಗ್ಯ ಇಲಾಖೆಯವರು ಹೇಳಿದ್ದರು.

ಅವಳಿಗೆ ನಲವತ್ತಾರು ವಯಸ್ಸು. ವಿನ್ನಿಪೆಗ್ ನಗರದಲ್ಲಿ ಒಂದೇ ಕಟ್ಟಡದ ನಾಲ್ಕನೆಯ ಮಹಡಿಯಲ್ಲಿ ಹದಿನೇಳು ವರ್ಷ ಇದ್ದಳಂತೆ. ಎದುರು ಮನೆಯವರ ಹೆಸರು ಅವಳಿಗೆ ಗೊತ್ತಿರಲಿಲ್ಲ. ಗಂಡ ಬಿಟ್ಟುಹೋದ ಮೇಲೆ ದೂರದ ನ್ಯೂಫೌಂಡ್‌ಲ್ಯಾಂಡ್ ದ್ವೀಪದ ಈ ಕೆಲಸಕ್ಕೆ ಅರ್ಜಿ ಹಾಕಿದಳು. ಇದನ್ನೆಲ್ಲ ಮಾತ್ರೆ ಯಾವಾಗ ನುಂಗಬೇಕೆಂದು ಹೇಳುವ ಧಾಟಿಯಲ್ಲಿ ಹೇಳಿದಳು. "ಎಲ್ಲಾದರೂ ಒಂದು ಕಡೆ ನೆಲೆ ನಿಲ್ಲಬೇಕು, ಬ್ಯೂಲಾ," ಎಂದಳು ಕೊನೆಗೆ. ಅದೂ ಅದೇ ಧಾಟಿ.

ಕೆಲಸದಲ್ಲಿ ಅವಳು ಗಟ್ಟಿಗಿತ್ತಿ. ಅಕ್ಟೋಬರಿನಲ್ಲಿ ಮನೆಮನೆ ಸುತ್ತಿ ನಲವತ್ತು ದಾಟಿದವರ ಬಿಪಿ ನೋಡಲು ಶುರುಮಾಡಿದಳು. ನಾನು ಕ್ಲಿನಿಕ್ಕಿನಲ್ಲಿ ಫೋನಿನ ಪಕ್ಕ ಕೂತಿರುತ್ತಿದ್ದೆ. ನವೆಂಬರ್ ಹೊತ್ತಿಗೆ ಒಂದು ದೊಡ್ಡ ಹಾಳೆ ತಂದು ನನ್ನ ಮುಂದೆ ಹರಡಿದಳು.

"ಮೂವತ್ತೆಂಟು ಜನ. ಮೂವತ್ತೊಂದು ಜನಕ್ಕೆ ಬಿಪಿ. ನಿಮ್ಮಮ್ಮಂಗೆ ನೂರಾ ತೊಂಬತ್ತು. ಈ ಊರಿನವರು ಹೇಗೆ ಬದುಕಿದ್ದಾರೆ?"

"ಮ್ಯಾಜ್ ಇದ್ದಾಗ ಎಲ್ಲಾ ಸರಿಯಾಗೇ ಇತ್ತು," ಎಂದೆ.

"ಫೈಲಲ್ಲಿ ಸರಿಯಾಗಿದೆ. ಆಯಮ್ಮ ಅಳತೆ ಮಾಡಿ ಬರೀತಿದ್ದಳೋ ಊಹೆ ಮಾಡಿ ಬರೀತಿದ್ದಳೋ!"

ಮ್ಯಾಜ್ ನಮ್ಮಮ್ಮನ ದೊಡ್ಡಪ್ಪನ ಮಗಳು. ನಾನು ಫೈಲು ಜೋಡಿಸತೊಡಗಿದೆ.

ಹೆಲ್ಗಾ ಮಾತ್ರೆ ಕೊಟ್ಟಳು. ಮುಂದಿನ ಸುತ್ತಿನಲ್ಲೂ ಬಿಪಿ ಇಳಿದಿರಲಿಲ್ಲ, ಹಾಗಾಗಿ ಇನ್ನಷ್ಟು ಕೊಟ್ಟಳು. ಉಪ್ಪು ನಿಲ್ಲಿಸಿದಳು. ಉಪ್ಪು ಹಾಕಿಟ್ಟ ಮಾಂಸ, ಉಪ್ಪು ಹಾಕಿಟ್ಟ ಮೀನು ಬಿಟ್ಟರೆ ಚಳಿಗಾಲದಲ್ಲಿ ನಮ್ಮೂರಿನಲ್ಲಿ ತಿನ್ನಲು ಉಳಿಯುವುದು ಆಲೂಗಡ್ಡೆ, ಕ್ಯಾಬೇಜು.

ಚೆಸ್ ಮಾವ ಕ್ಲಿನಿಕ್ಕಿಗೆ ಬಂದು ನನ್ನೆದುರು ಕೂತ. "ನಿಮ್ಮ ನರ್ಸಮ್ಮ ನನ್ನ ಕೊಲ್ತಾಳೆ ಕಣೇ ಬ್ಯೂಲಾ."

"ಮಾತ್ರೆ ತಗೊಳ್ತಿದ್ದೀಯಾ ಮಾವ?"

"ತಗೊಳ್ತಿದ್ದೀನಿ. ಒಂದಿದ್ದದ್ದು ಎರಡಾಯ್ತು. ಈಗ ಎರಡು ಬಣ್ಣದ್ದು. ಭಾನುವಾರದ ಊಟ ಅಂದ್ರೆ ಬಿಸಿನೀರಲ್ಲಿ ಕ್ಯಾಬೇಜು. ಡಲ್ಸಿ ಅದನ್ನ ನನ್ನ ಮುಂದಿಟ್ಟು ಪ್ರಾರ್ಥನೆ ಬೇರೆ ಹೇಳ್ತಾಳೆ."

ಡಿಸೆಂಬರಿನ ಎರಡನೆಯ ವಾರ ದೋಣಿ ಕಟ್ಟೆಯ ಮೇಲೆ ಬಲೆ ಮಡಚುತ್ತಿದ್ದ ಚೆಸ್ ಮಾವ ಎದ್ದು ನಿಂತವನು ಹಾಗೇ ಬಲೆಯ ಮೇಲೆ ಕುಸಿದ. ಹೆಲ್ಗಾ ಓಡಿಬಂದು ಬಿಪಿ ನೋಡಿದಳು. ತೊಂಬತ್ತರ ಮೇಲೆ ಏಳಲಿಲ್ಲ.

"ಸತ್ನಾ?" ಎಂದು ಮಾವ ಕಣ್ಣು ಮುಚ್ಚಿಕೊಂಡೇ ಕೇಳಿದ.

"ಇಲ್ಲ, ಬಾಯಿ ನಡೀತಿದೆ," ಎಂದಳು ಡಲ್ಸಿ ಅತ್ತೆ.

ಹೆಲ್ಗಾ ಕ್ಲಿನಿಕ್ಕಿಗೆ ವಾಪಸು ಬಂದು ಕೋಟು ಬಿಚ್ಚದೆ ಕೂತಳು. "ಮಾತ್ರೆ ಜಾಸ್ತಿಯಾಗಿ ಬಿದ್ದದ್ದು. ಬೀಳಿಸಿದ್ದು ನಾನು," ಎಂದಳು. "ಮನೇಲಿ ನೋಡಿದಾಗ ನೂರೆಂಬತ್ತು, ಕಟ್ಟೆ ಮೇಲೆ ತೊಂಬತ್ತು. ಎಲ್ಲೋ ತಪ್ಪಿದೆ, ಎಲ್ಲಿ ಅಂತ ಗೊತ್ತಾಗ್ತಿಲ್ಲ. ಫೆಬ್ರವರಿಗೆ ನಾನು ಹೊರಡ್ತೀನಿ."

ನನಗೆ ಜಲ್ಲಿರಸ್ತೆ ಕಣ್ಣಿಗೆ ಕಟ್ಟಿತು. "ಒಂದು ಸಲ ಹೀಗಾಯ್ತು ಅಂತ..."

"ಅದೊಂದೇ ಅಲ್ಲ. ನಾನು ಬರೋದೇ ಇವರಿಗೆ ಬೇಡ. ಬಾಗಿಲು ತೆಗೆದಾಗ ಅವರ ಮುಖ ನೋಡಬೇಕು ನೀನು."

ಹಾಗಾದರೆ ಮುಖ ನೋಡೋಣ ಎಂದು ಮರುದಿನ ಬೆಳಿಗ್ಗೆ ಅವಳ ಜೊತೆ ನಾನೂ ಹೊರಟೆ.

ಮೊದಲ ಮನೆ ಚೆಸ್ ಮಾವನದು. ಮೆಟ್ಟಿಲು ಹತ್ತಿ ನಾನು ಹಿಡಿಗೆ ಕೈ ಹಾಕುವಷ್ಟರಲ್ಲಿ ಹೆಲ್ಗಾ ಬಾಗಿಲನ್ನು ಮೂರು ಸಲ ತಟ್ಟಿದಳು. ತಟ್ಟಿ ಒಂದು ಹೆಜ್ಜೆ ಹಿಂದೆ ಸರಿದು, ಕೈಕಟ್ಟಿ ನಿಂತಳು. ಒಳಗೆ ಏನೋ ಬಿದ್ದ ಸದ್ದಾಯಿತು. ಆಮೇಲೆ ಸದ್ದೇ ಇಲ್ಲ. ನನಗೂ ಎದೆ ಧಸಕ್ಕೆಂದಿತು, ತಟ್ಟಿದವಳು ನನ್ನ ಪಕ್ಕದಲ್ಲೇ ಇದ್ದರೂ.

ಬಾಗಿಲು ತೆರೆಯಿತು. ಡಲ್ಸಿ ಅತ್ತೆಯ ಕೈತುಂಬ ಹಿಟ್ಟು, ಮುಖವೂ ಅದೇ ಬಣ್ಣ. ಹಿಂದೆ ಚೆಸ್ ಮಾವ ಟೋಪಿ ತೆಗೆದು ಎದೆಗೆ ಹಿಡಿದುಕೊಂಡಿದ್ದ.

"ಯಾವನು?" ಎಂದಳು ಡಲ್ಸಿ ಅತ್ತೆ.

"ಏನು ಯಾವನು?" ಎಂದಳು ಹೆಲ್ಗಾ.

"ನಮ್ಮಿಬ್ಬರು ಹುಡುಗರಲ್ಲಿ ಯಾವನು?"

ಅವರ ಇಬ್ಬರು ಗಂಡುಮಕ್ಕಳೂ ಒಂದೇ ದೊಡ್ಡ ಹಡಗಿನಲ್ಲಿ ಮೀನಿಗೆ ಹೋಗಿದ್ದರು. ಹೋಗಿ ಒಂಬತ್ತು ದಿನವಾಗಿತ್ತು.

"ಯಾರಿಗೂ ಏನೂ ಆಗಿಲ್ಲ ಅತ್ತೆ," ಎಂದೆ. "ಬಿಪಿ ನೋಡೋಕೆ ಬಂದಿದ್ದು."

"ಅಯ್ಯೋ ಹಾಳಾದವಳೇ, ನೀನಿದ್ದೂ ತಟ್ಟೋಕೆ ಬಿಟ್ಟೆಯಾ?" ಎಂದು ನನ್ನನ್ನು ಬೈದು ಅವಳು ಕುರ್ಚಿಯ ಮೇಲೆ ಕೂತಳು. ಇನ್ನೊಂದು ಕುರ್ಚಿ ನೆಲದಲ್ಲಿ ಬಿದ್ದಿತ್ತು. ಚೆಸ್ ಮಾವ ಅದನ್ನೆತ್ತಿ ತಾನು ಕೂತ.

ಹೆಲ್ಗಾ ಚೀಲ ಹಿಡಿದುಕೊಂಡೇ ನಿಂತಿದ್ದಳು. "ಬಾಗಿಲು ಯಾರು ತಟ್ತಾರೆ ಇಲ್ಲಿ?" ಎಂದು ಕೇಳಿದಳು.

"ಪೊಲೀಸಿನವನು," ಎಂದ ಮಾವ. "ಹಡಗಿನ ಕಂಪನಿಯವನು. ಆಮೇಲೆ ಪಾದ್ರಿ. ಪಾದ್ರಿ ಬೇರೆ ದಿನ ಸುಮ್ಮನೆ ಒಳಗೆ ಬಂದು ಕೇಕು ತಿಂದು ಹೋಗ್ತಾನೆ. ತಟ್ಟಿದ ಅಂದ್ರೆ ಯಾರೋ ಮುಳುಗಿದ್ರು ಅಂತ."

"ನನ್ನ ತಮ್ಮ ಹೋದಾಗ ಮೂರು ಸಲ ತಟ್ಟಿದ್ರು," ಎಂದಳು ಡಲ್ಸಿ ಅತ್ತೆ. "ಹೀಗೇ."

"ಆದರೆ ನಾನು ಎರಡು ತಿಂಗಳಿಂದ ತಟ್ತಾ ಇದ್ದೀನಿ. ನಾನೇ ಅಂತ ಗೊತ್ತಾಗಲ್ವಾ?"

"ನೀನೇ ಅಂತಲೇ ಪ್ರತಿ ಸಲ ಅಂದ್ಕೋತೀನಿ ಕಣಮ್ಮ. ಒಂದು ದಿನ ನೀನಾಗಿರದೇ ಇದ್ರೆ?"

ಹೆಲ್ಗಾ ಚೀಲ ಕೆಳಗಿಟ್ಟಳು. "ಒಬ್ಬರಾದರೂ ನನಗೆ ಯಾಕೆ ಹೇಳಲಿಲ್ಲ?"

ಬಾಗಿಲು ತಟ್ಟಬಾರದು ಎಂದು ನನಗೆ ಯಾರೂ ಕಲಿಸಿರಲಿಲ್ಲ, ಹಾಗಾಗಿ ಅದು ಹೇಳಬೇಕಾದ ವಿಷಯ ಎಂದು ಅನ್ನಿಸಿರಲಿಲ್ಲ.

"ನರ್ಸಲ್ವಾ," ಎಂದಳು ಡಲ್ಸಿ ಅತ್ತೆ. "ಕೆಟ್ಟ ಸುದ್ದಿ ಹೇಳಿ ಹೇಳಿ ಅಭ್ಯಾಸ ಆಗಿರುತ್ತೆ, ಅದಕ್ಕೇ ತಟ್ತಾಳೆ ಅಂದ್ಕೊಂಡ್ವಿ."

"ತಟ್ಟದೇ ಒಳಗೆ ಬಂದರೆ, ಅಕಸ್ಮಾತ್ ಬಟ್ಟೆ ಹಾಕಿಲ್ಲದೇ ಇದ್ದರೆ?"

"ನೋಡ್ತೀಯ. ಚೆಸ್ ಹತ್ರ ನೋಡೋವಂಥದ್ದೇನಿದೆ?"

"ನಾವು ಅವಳನ್ನ ಟವೆಲಲ್ಲಿ ನೋಡಿ ಆಗಿದೆ," ಎಂದ ಮಾವ. "ಅಲ್ಲಿಗಲ್ಲಿಗೆ ಸರಿಹೋಗುತ್ತೆ."

ಟೀ ಕುಡಿದು ಅರ್ಧ ಗಂಟೆಯಾದ ಮೇಲೆ ಹೆಲ್ಗಾ ಇಬ್ಬರ ಬಿಪಿಯನ್ನೂ ನೋಡಿದಳು. ಮಾವನದು ನೂರಾ ಇಪ್ಪತ್ತೆಂಟು, ಅತ್ತೆಯದು ನೂರಾ ಮೂವತ್ತಾರು. ತಲಾ ಮೂರು ಸಲ ನೋಡಿದಳು. ಬಿಪಿ ಪಟ್ಟಿ ಸುತ್ತಿ ಚೀಲದೊಳಗಿಟ್ಟು, "ಇಷ್ಟು ದಿನ ನಾನು ಅಳೆದದ್ದು ನಿಮ್ಮ ಹೆದರಿಕೇನ," ಎಂದಳು.

"ಉಪ್ಪು ಮಾಂಸ?" ಎಂದು ಮಾವ ಮೆಲ್ಲಗೆ ಕೇಳಿದ.

"ಭಾನುವಾರ ಮಾತ್ರ."

ಅಂದು ಬುಧವಾರ. ಮಾವ ಎದ್ದು ಮಾಂಸದ ಬಕೆಟ್ಟಿನ ಮುಚ್ಚಳ ತೆಗೆದು ನೋಡಿ ಮತ್ತೆ ಮುಚ್ಚಿದ.

ವಿಷಯ ತಿಳಿದ ಮಾತ್ರಕ್ಕೆ ಕೈ ಕೇಳುವುದಿಲ್ಲ. ಅವಳು ಬಾಗಿಲಿನ ಮುಂದೆ ನಿಂತಾಗ ಬಲಗೈ ತಾನಾಗಿ ಮೇಲೆ ಹೋಗುತ್ತಿತ್ತು. ಆಮೇಲಾಮೇಲೆ ಎರಡೂ ಕೈಗಳನ್ನು ಕೋಟಿನ ಜೇಬಿನಲ್ಲಿಟ್ಟುಕೊಂಡು, ಮೊಣಕೈಯಿಂದ ಹಿಡಿ ತಿರುಗಿಸಿ, ಹೆಗಲಿನಿಂದ ಬಾಗಿಲು ನೂಕಲು ಶುರುಮಾಡಿದಳು. ಕಳ್ಳರೂ ಅಷ್ಟು ಕಷ್ಟಪಡುವುದಿಲ್ಲ. ನಮ್ಮ ಮನೆಗೆ ಮೊದಲ ಸಲ ಹಾಗೆ ನುಗ್ಗಿದವಳು ಹೊಸ್ತಿಲ ಮೇಲೆ ನಿಂತು, "ನಾನು, ಹೆಲ್ಗಾ!" ಎಂದು ಕೂಗಿದಳು.

"ಗೊತ್ತಮ್ಮ," ಎಂದಳು ಅಮ್ಮ. "ಬಾಗಿಲು ಹಾಕು, ಥಂಡಿ ಬರ್ತಿದೆ."

ಜನವರಿಯಲ್ಲಿ ಅವಳು ಎಲ್ಲರ ಬಿಪಿಯನ್ನೂ ಹೊಸದಾಗಿ ನೋಡಿದಳು. ಮೂವತ್ತೊಂದು ಜನರಲ್ಲಿ ನಿಜವಾಗಿ ಬಿಪಿ ಇದ್ದವರು ಆರೇ ಜನ. ಮಿಕ್ಕವರ ಮಾತ್ರೆಗಳನ್ನು ಒಂದೊಂದಾಗಿ ನಿಲ್ಲಿಸಿದಳು. ಮ್ಯಾಜ್‌ಗೆ ಕ್ಷಮೆ ಕೇಳಿ ಒಂದು ಪತ್ರ ಬರೆದಳು. ಏತಕ್ಕೆ ಕ್ಷಮೆ ಎಂದು ಮ್ಯಾಜ್‌ಗೆ ಅರ್ಥವಾಗದೆ ಅವಳು ಅಮ್ಮನಿಗೆ ಫೋನು ಮಾಡಿ ಕೇಳಿದಳು.

ತನ್ನ ಮನೆಯ ಬೀಗವನ್ನು ತೆಗೆಯಲು ಮಾತ್ರ ಅವಳಿಗೆ ಇನ್ನೂ ಮೂರು ವಾರ ಬೇಕಾಯಿತು. ತೆಗೆದ ದಿನವೇ ಮಹಡಿಯಿಂದ ಇಳಿದು ಬಂದರೆ ಅಡುಗೆಮನೆಯಲ್ಲಿ ಚೆಸ್ ಮಾವ ಟೀ ಮಾಡಿಕೊಂಡು ಕೂತಿದ್ದನಂತೆ.

"ಒಂದು ಮಾತೂ ಆಡಲಿಲ್ಲ, ಬ್ಯೂಲಾ. ಕಿಟಕಿಯಿಂದ ಸಮುದ್ರ ನೋಡ್ತಾ ಕುಡಿದ. ಕಪ್ಪು ತೊಳೆದಿಟ್ಟು ಹೋದ."

"ಬೇಜಾರಾಯ್ತಾ?"

"ಅದನ್ನೇ ಯೋಚನೆ ಮಾಡ್ತಿದ್ದೀನಿ," ಎಂದಳು.

ಫೆಬ್ರವರಿಯಲ್ಲಿ ಇಲಾಖೆಯ ಫಾರಂ ಬಂತು. ಮುಂದುವರಿಯುತ್ತೇನೆ ಎಂದು ತುಂಬಿ, ಸಹಿ ಹಾಕಿ, ಲಕೋಟೆಗೆ ಸ್ಟ್ಯಾಂಪು ಅಂಟಿಸಿ, ಅಡುಗೆಮನೆಯ ಮೇಜಿನ ಮೇಲೆ ಸಕ್ಕರೆ ಡಬ್ಬಕ್ಕೆ ಒರಗಿಸಿಟ್ಟಳು. ಅಲ್ಲೇ ಬಿಟ್ಟಳು. ದಿನಕ್ಕೊಂದು ಸಲ ನಾನು ಹೋಗಿ ನೋಡುತ್ತಿದ್ದೆ. ಲಕೋಟೆ ಹಾಗೇ ಇರುತ್ತಿತ್ತು.

"ವಿನ್ನಿಪೆಗ್ಗೂ ಮೊದಲ ವರ್ಷ ಚೆನ್ನಾಗಿತ್ತು," ಎಂದಳು ಒಂದು ದಿನ, ನಾನು ಕೇಳದಿದ್ದರೂ. "ಇಷ್ಟ ಆಯ್ತು ಅಂತ ನಂಬೋಕೆ ಹೆದರಿಕೆ. ನಂಬಿ, ಆಮೇಲೆ ಅಲ್ಲ ಅಂತಾದ್ರೆ ಇನ್ನೊಂದು ಊರು ಹುಡುಕೋ ಶಕ್ತಿ ನನಗಿಲ್ಲ."

ಆ ಲಕೋಟೆಯನ್ನು ನಾನೇ ಎತ್ತಿಕೊಂಡು ಹೋಗಿ ಟಪಾಲಿಗೆ ಹಾಕುವ ಯೋಚನೆ ಬರಲಿಲ್ಲ ಎಂದರೆ ಸುಳ್ಳಾಗುತ್ತದೆ. ಎರಡು ಸಲ ಕೈಗೆತ್ತಿಕೊಂಡು ಎರಡು ಸಲ ವಾಪಸಿಟ್ಟೆ. ಕದ್ದು ಮಾಡುವ ಕೆಲಸದಲ್ಲಿ ನಾನು ಮೊದಲಿನಿಂದಲೂ ಹಿಂದೆ.

ಒಂಬತ್ತನೆಯ ದಿನ ಮಧ್ಯಾಹ್ನ ಅವಳು ಕ್ಲಿನಿಕ್ಕಿಗೆ ಬಿರಬಿರನೆ ಬಂದಳು. "ಕವರು ಎಲ್ಲಿ? ನೀನಾ ತಗೊಂಡಿದ್ದು?"

"ಅಲ್ಲ," ಎಂದೆ. ನಿಜ ಹೇಳುವಾಗಲೂ ನನ್ನ ಮುಖ ಕೆಂಪಾಯಿತು.

"ಮತ್ಯಾರು?"

ಯಾರು ಎಂದು ಊಹಿಸುವುದು ಕಷ್ಟವಿರಲಿಲ್ಲ. ಇಬ್ಬರೂ ಚೆಸ್ ಮಾವನ ಮನೆಗೆ ಹೋದೆವು. ಹೆಲ್ಗಾ ಕೈಯಿಂದಲೇ ಬಾಗಿಲು ನೂಕಿಕೊಂಡು ಒಳಗೆ ಹೋದಳು. ಅಷ್ಟು ಸಿಟ್ಟಿನಲ್ಲಿದ್ದಳು.

"ಕವರಾ? ನಾನೇ ಹಾಕಿದೆ ಕಣಮ್ಮ," ಎಂದಳು ಡಲ್ಸಿ ಅತ್ತೆ, ಇಸ್ಪೀಟು ಕಲಸುತ್ತ. "ಜಾಮು ಕೊಡೋಕೆ ಬಂದಿದ್ದೆ, ನೀನಿರಲಿಲ್ಲ. ಪಾಪ, ಸ್ಟ್ಯಾಂಪು ಅಂಟಿಸಿ ಮರೆತು ಹೋಗಿದ್ದಾಳೆ ಅಂತ ತಗೊಂಡು ಓಡಿದೆ. ಟಪಾಲು ಗಾಡಿ ಹೊರಡ್ತಾ ಇತ್ತು, ನಿಲ್ಲಿಸಿ ಕೊಟ್ಟೆ."

"ನಾನು ಮರೆತಿರಲಿಲ್ಲ. ಯೋಚನೆ ಮಾಡ್ತಾ ಇದ್ದೆ."

"ಒಂಬತ್ತು ದಿನವಾ?" ಎಂದ ಚೆಸ್ ಮಾವ. "ಮದುವೆಗೆ ಮುಂಚೆ ನಾನೂ ಇಷ್ಟು ಯೋಚಿಸಿರಲಿಲ್ಲ."

"ಯೋಚಿಸಿದ್ದಿದ್ರೆ ನಾನು ಬಚಾವಾಗ್ತಿದ್ದೆ," ಎಂದಳು ಅತ್ತೆ. ಆಮೇಲೆ ಹೆಲ್ಗಾಳ ಮುಖ ನೋಡಿ ಕೈಯಲ್ಲಿದ್ದ ಎಲೆಗಳನ್ನು ಕೆಳಗಿಟ್ಟಳು. "ತಪ್ಪಾಯ್ತೇನಮ್ಮ? ಬೇಡ ಅಂದ್ರೆ ಅವರಿಗೆ ಫೋನು ಮಾಡಿಬಿಡು. ಕವರು ಬಂದ್ರೆ ಹರಿದು ಹಾಕಿ ಅನ್ನು. ಅಲ್ಲೇ ಇದೆ ಫೋನು."

ಫೋನು ಗೋಡೆಯ ಮೇಲಿತ್ತು. ಹೆಲ್ಗಾ ಅದರ ಹತ್ತಿರ ಹೋಗಿ ನಿಂತಳು. ಗಂಟೆ ಮೂರಾಗಿತ್ತು. ಇಲಾಖೆಯ ಕಚೇರಿ ನಾಲ್ಕೂವರೆಗೆ ಮುಚ್ಚುತ್ತದೆ. ನಾನು ಅಮ್ಮನ ಕಾಲನ್ನು ನೆನೆದೆ.

"ಟೀ ಇದೆಯಾ?" ಎಂದು ಹೆಲ್ಗಾ ಕೇಳಿದಳು.

"ಒಲೆ ಮೇಲಿದೆ. ಕೈಯಿಲ್ವಾ ನಿಂಗೆ?" ಎಂದಳು ಡಲ್ಸಿ ಅತ್ತೆ.

ಹೆಲ್ಗಾ ಕಪಾಟು ತೆರೆದು, ಹುಡುಕದೆ, ಒಂದು ಕಪ್ಪು ತೆಗೆದುಕೊಂಡಳು. ಟೀ ಬಗ್ಗಿಸಿಕೊಂಡು ಮೇಜಿಗೆ ಬಂದು ಕೂತಳು. ಅತ್ತೆ ಅವಳಿಗೂ ಎಲೆ ಹಂಚಿದಳು. ನಾನು ಆಟಕ್ಕೆ ಸೇರಲಿಲ್ಲ, ಗಡಿಯಾರ ಕಾಣುವ ಕಡೆ ಕೂತೆ.

ನಾಲ್ಕೂವರೆ ಆದಾಗ ಹೆಲ್ಗಾ ನಾಲ್ಕನೆಯ ಆಟ ಸೋಲುತ್ತಿದ್ದಳು. ಚೆಸ್ ಮಾವ ಒಲೆಗೆ ಸೌದೆ ಹಾಕುವ ನೆಪದಲ್ಲಿ ಅವಳ ಹಿಂದೆ ನಿಂತು, ಅವಳ ಎಲೆಗಳನ್ನು ನೋಡಿ ಹೆಂಡತಿಗೆ ಬೆರಳಿನಲ್ಲಿ ಸನ್ನೆ ಮಾಡುತ್ತಿದ್ದ.

"ಕಾಣಿಸ್ತಿದೆ ನನಗೆ," ಎಂದಳು ಹೆಲ್ಗಾ, ತಿರುಗಿ ನೋಡದೆ. "ಹಂಚಿ ಇನ್ನೊಂದು ಆಟ."