ಗಾಜಿನ ಜಾಡಿಯಲ್ಲಿ ಲವೋನಳ ಗುಂಡಿಗಳು

ಎಲ್ಡನ್ ಬಾಗಿಲು ತಟ್ಟುವ ಪೈಕಿ ಅಲ್ಲ. ಪಕ್ಕದ ಮನೆಯವನು, ಹಿತ್ತಲ ಬಾಗಿಲು ನೂಕಿಕೊಂಡು ಬಂದು ತಾನೇ ಕಾಫಿ ಬಗ್ಗಿಸಿಕೊಂಡು ಕೂರುವವನು. ಆ ಶುಕ್ರವಾರ ಬೆಳಗ್ಗೆ ಮಾತ್ರ ಮುಂಬಾಗಿಲು ತಟ್ಟಿ, ನಾನು ತೆಗೆಯುವವರೆಗೆ ಮೆಟ್ಟಿಲ ಮೇಲೆ ಸುಮ್ಮನೆ ನಿಂತಿದ್ದ. ಕೈಯಲ್ಲಿ ಟವೆಲು ಸುತ್ತಿದ ಗಾಜಿನ ಜಾಡಿ. ಮುಖದಲ್ಲಿ ರಕ್ತವೇ ಇರಲಿಲ್ಲ.

"ಬರ್ನೀಸ್, ಇದನ್ನ ಸ್ವಲ್ಪ ನೋಡು ಮಾರಾಯ್ತಿ. ಏನಾಗಿದೆ ಅಂತಾನೇ ಗೊತ್ತಾಗ್ತಿಲ್ಲ."

ಮುಚ್ಚಳ ತಿರುಗಿಸಿದ್ದೇ ತಡ, ಹುಳಿ ಹಿಡಿದ ಕರ್ಪೂರದಂಥ ವಾಸನೆ ಗಪ್ಪನೆ ಮೂಗಿಗೆ ಬಡಿಯಿತು. ಒಳಗೆ ಏನಿದೆ ಎಂದು ನೋಡುವ ಮೊದಲೇ ನನಗೆ ಗೊತ್ತಾಗಿಹೋಯಿತು. ಅವನ ಹೆಂಡತಿ ಲವೋನ್ ವರ್ಷಗಟ್ಟಲೆ ಕೂಡಿಟ್ಟ ಗುಂಡಿಗಳು. ನಮ್ಮ ಅಮ್ಮಂದಿರು ಕೋಟಿಗೆ ಹಾಕಿಕೊಳ್ಳುತ್ತಿದ್ದ ಕಾಲದವು. ಮೆಟ್ಟಿಲು ಮೆಟ್ಟಿಲಾಗಿ ಕೊರೆದವು, ಅರ್ಧ ಕಪ್ಪು ಅರ್ಧ ಕೆನೆಬಣ್ಣದವು, ಬೀಸಣಿಗೆಯ ಹಾಗೆ ಬಿಚ್ಚಿಕೊಂಡವು. ಈಗ ಒಂದಕ್ಕೊಂದು ಅಂಟಿಕೊಂಡು, ಬೆವತು, ಬಿರುಕುಬಿಟ್ಟು ಕೂತಿದ್ದವು. ಹಿಂದಿನ ಲೋಹದ ಕೊಂಡಿಗಳೆಲ್ಲ ಹಸಿರು ಕಿಲುಬು.

"ಇಂಥ ಜಾಡಿ ಇನ್ನೆಷ್ಟಿವೆ?" ಎಂದು ಕೇಳಿದೆ.

"ಎಲ್ಲಾನೂ ಜಾಡೀಲೇ ಹಾಕಿದ್ದೆ," ಅಂದ. "ಏಪ್ರಿಲ್‌ನಲ್ಲಿ ಮಿಸಿಸಿಪ್ಪಿ ಏರಿತಲ್ಲ, ನೆಲಮಾಳಿಗೆಗೆ ನೀರು ಬಂತು. ಅವಳು ಆಸ್ಪತ್ರೇಲಿ. ಗುಂಡಿ ನೆನೆದ್ರೆ ನನ್ನನ್ನ ಬಿಡ್ತಾಳಾ? ನಮ್ಮಮ್ಮನ ಟೊಮ್ಯಾಟೊ ಜಾಡಿ ತಗೊಂಡು, ತುಂಬಿಸಿ, ಮುಚ್ಚಳ ಬಿಗಿ ಮಾಡಿ ಅಟ್ಟಕ್ಕೆ ಹಾಕ್ದೆ. ಒಂದು ಹನಿ ನೀರು ಒಳಗೆ ಹೋಗಿಲ್ಲ ನೋಡು!"

ನಮ್ಮ ಅಯೋವಾದ ಜನಕ್ಕೆ ಇದೊಂದು ನಂಬಿಕೆ. ಯಾವುದನ್ನೇ ಆಗಲಿ ಜಾಡಿಗೆ ಹಾಕಿ ಮುಚ್ಚಳ ಬಿಗಿದರೆ ಅದು ಉಳಿಯುತ್ತದೆ. ಹುರುಳಿಕಾಯಿ ಉಳಿಯುತ್ತದೆ, ಪೀಚ್ ಹಣ್ಣು ಉಳಿಯುತ್ತದೆ. ಈ ಗುಂಡಿಗಳನ್ನು ಮಾಡಿದ ಸೆಲ್ಯುಲಾಯ್ಡ್ ಎಂಬ ಹಳೆಯ ಪ್ಲಾಸ್ಟಿಕ್ಕು ಉಳಿಯುವುದಿಲ್ಲ. ಅದು ಬಿಡುವ ಆವಿಗೆ ಹೊರಗೆ ಹೋಗಲು ದಾರಿ ಬೇಕು. ಇಲ್ಲದಿದ್ದರೆ ತನ್ನ ಆವಿಯಲ್ಲಿ ತಾನೇ ಬೆಂದು, ಪಕ್ಕದವಕ್ಕೂ ರೋಗ ಅಂಟಿಸುತ್ತದೆ. ಅದರ ಮೇಲೆ ಜುಲೈ ತಿಂಗಳ ಅಟ್ಟ ಬೇರೆ. ಗುಂಡಿ ಕೂಡಿಡುವವರ ನಮ್ಮ ಸಂಘಕ್ಕೆ ಮೊದಲ ದಿನ ಬಂದವರಿಗೂ ಹೇಳಿಕೊಡುವ ಪಾಠ ಇದು. ಎಲ್ಡನ್ ಸಂಘಕ್ಕೆ ಬಂದವನೇ ಅಲ್ಲ. ಲವೋನಳನ್ನು ಇಳಿಸಿ, ಸಭೆ ಮುಗಿಯುವವರೆಗೂ ಹೊರಗೆ ಟ್ರಕ್ಕಿನಲ್ಲಿ ಕೂತು ರೇಡಿಯೊದಲ್ಲಿ ಬೇಸ್‌ಬಾಲ್ ಕೇಳುತ್ತಿದ್ದ.

"ತಲೆ ಕೆಟ್ಟಿತ್ತಾ ನಿಂಗೆ? ನನ್ನನ್ನ ಒಂದು ಮಾತು ಕೇಳೋಕೆ ಏನಾಗಿತ್ತು? ಕೂಗಿದ್ರೆ ಕೇಳಿಸೋ ಅಷ್ಟು ದೂರದಲ್ಲಿದ್ದೀನಿ!"

ಬೈದೆ, ಚೆನ್ನಾಗಿಯೇ ಬೈದೆ. ನನ್ನ ಕೋಪ ಯಾವಾಗಲೂ ಮೂಗಿನ ತುದಿಯಲ್ಲೇ. ಅವನು ಟವೆಲನ್ನು ಜಾಡಿಗೆ ಮತ್ತೆ ಸುತ್ತಿದ. ಆಮೇಲೆ ಹೇಳಿದ, "ನಾಳೆ ಕರ್ಕೊಂಡು ಬರ್ತಿದ್ದೀನಿ ಅವಳನ್ನ."

ಅದು ನನಗೂ ಗೊತ್ತಿತ್ತು. ಇನ್ನು ಮಾಡುವುದಕ್ಕೆ ಏನೂ ಇಲ್ಲ ಎಂದು ಡಾಕ್ಟರು ಕೈಚೆಲ್ಲಿದ್ದರು. ಎಲ್ಡನ್ ಮಾತ್ರ ಊರಿಗೆಲ್ಲ ಬೇರೆಯೇ ಹೇಳಿಕೊಂಡು ಬರುತ್ತಿದ್ದ. ಮನೆಯೂಟ ತಿಂದರೆ ಚೇತರಿಸಿಕೊಳ್ಳುತ್ತಾಳೆ, ಸೆಪ್ಟೆಂಬರಿನ ಗುಂಡಿ ಪ್ರದರ್ಶನಕ್ಕೆ ಹೋಗಿಯೇ ಹೋಗುತ್ತಾಳೆ.

"ಫೋನ್ ಮಾಡಿದಾಗಲೆಲ್ಲ ಗುಂಡೀದೇ ಮಾತು. ಬಂದ ತಕ್ಷಣ ಪ್ರದರ್ಶನಕ್ಕೆ ರಟ್ಟಿನ ಕಾರ್ಡಿಗೆ ಗುಂಡಿ ಜೋಡಿಸ್ಬೇಕಂತೆ. ಬರ್ನೀಸ್, ಅವಳು ಇದನ್ನ ನೋಡಿದ್ರೆ ಅಲ್ಲೇ ಬದುಕೋ ಆಸೆ ಕೈಬಿಡ್ತಾಳೆ. ಅವಳು ಹಿಡ್ಕೊಂಡಿರೋದು ಇದೊಂದನ್ನೇ. ನಿನ್ ಹತ್ರ ಇಂಥವೇ ಇದ್ದಾವಲ್ಲ, ಒಂದು ಕಾರ್ಡಿಗೆ ಆಗೋಷ್ಟು ಕೊಡು. ಕೈ ಮುಗೀತೀನಿ."

ಆ ಮನುಷ್ಯ ನಿಜವಾಗಿಯೂ ಕೈ ಮುಗಿದುಬಿಡುತ್ತಾನೇನೋ ಎಂದು ನನಗೆ ಭಯವಾಯಿತು. ಸಂಕಟವಾಗುತ್ತಿತ್ತು. ಲವೋನಳಿಗಾಗಿ ಎಷ್ಟು, ಗುಂಡಿಗಳಿಗಾಗಿ ಎಷ್ಟು ಎಂದು ಕೇಳಿದರೆ ನನಗೆ ಹೇಳಲು ಬರುವುದಿಲ್ಲ.

ಇಡೀ ದಿನ ನನ್ನ ಅಡುಗೆಮನೆಯಲ್ಲಿ ಕೂತು ಎಲ್ಲ ಜಾಡಿಗಳನ್ನೂ ಬಿಚ್ಚಿದೆವು. ಸೆಲ್ಯುಲಾಯ್ಡ್ ಎಲ್ಲ ಹೋಗಿತ್ತು. ಬೇಕಲೈಟ್ ಎಂಬ ಇನ್ನೊಂದು ಹಳೆ ಪ್ಲಾಸ್ಟಿಕ್ಕಿನವು ಗಟ್ಟಿ ಪ್ರಾಣಿಗಳು, ಮಂಕಾಗಿದ್ದರೂ ಉಳಿದಿದ್ದವು. ಹಾಲಿನಿಂದ ಮಾಡುತ್ತಿದ್ದ ಕೇಸಿನ್ ಗುಂಡಿಗಳಲ್ಲೂ ಕೆಲವು ಉಳಿದಿದ್ದವು. ಎಲ್ಡನ್ ಅವನ್ನು ತೊಳೆಯಲು ಬಿಸಿನೀರಿಗೆ ಹಾಕುವುದರಲ್ಲಿದ್ದ. ಕೈಗೆ ಹೊಡೆದು ಬಿಡಿಸಿದೆ, ನೀರಲ್ಲಿ ನೆನೆದರೆ ಅವು ಊದಿಕೊಂಡು ಬಿರಿಯುತ್ತವೆ. ಕೊನೆಗೆ ನನ್ನ ಪೆಟ್ಟಿಗೆ ತೆರೆದು, ನನ್ನ ಒಳ್ಳೆಯ ಗುಂಡಿಗಳನ್ನು ಅವಳ ಕಾರ್ಡಿಗೆ ತಂತಿಯಲ್ಲಿ ಕಟ್ಟಿದೆ. ಅವಳು ಕಟ್ಟುವ ಹಾಗೆಯೇ, ದೊಡ್ಡದು ನಡುವೆ, ಸಣ್ಣವು ಸುತ್ತ. ಎಲ್ಡನ್ ನೋಡಿ, "ಥೇಟ್ ಅವಳದೇ," ಅಂದ. ಅವನಿಗೆ ಹಾಗೇ ಕಂಡಿರಬೇಕು.

ಶನಿವಾರ ಅವರ ಮನೆಯ ಮುಂದಿನ ಕೋಣೆಯಲ್ಲಿ ಮಂಚ ಹಾಕಿ ಅವಳನ್ನು ಮಲಗಿಸಿದ್ದರು. ಚರ್ಚಿನ ಹೆಂಗಸರು ತಂದಿಟ್ಟ ಬೇಯಿಸಿದ ಮಾಂಸ-ಆಲೂಗಡ್ಡೆಯ ತಟ್ಟೆಗಳಿಂದ ಮೇಜು ತುಂಬಿತ್ತು. ಲವೋನ್ ಒಂದು ಹಿಡಿಯಷ್ಟಾಗಿದ್ದಳು. ಕಣ್ಣು ಮಾತ್ರ ಹಳೆಯವೇ.

"ಏನೇ ಬರ್ನೀಸ್, ದಪ್ಪ ಆಗಿದ್ದೀಯ," ಅಂದಳು.

"ನಿನ್ ಪಾಲಿಂದೂ ನಾನೇ ತಿಂತಿದ್ದೀನಲ್ಲ," ಅಂದೆ.

ಎಲ್ಡನ್ ಕಾರ್ಡು ತಂದು ಅವಳ ಮಡಿಲಲ್ಲಿಟ್ಟ. ಅವಳು ಮುಂಭಾಗ ನೋಡಲೇ ಇಲ್ಲ. ತಂತಿ ಸಡಿಲಿಸಿ ನಡುವಿನ ಗುಂಡಿಯನ್ನು ಬಿಡಿಸಿ ಅದರ ಬೆನ್ನು ಮೇಲೆ ಮಾಡಿ ನೋಡಿದಳು. ಗುಂಡಿ ಕೂಡಿಡುವವರು ಯಾರೇ ಆದರೂ ಮೊದಲು ನೋಡುವುದು ಬೆನ್ನನ್ನೇ. ಇಡೀ ದಿನ ಕೂತು ಕಟ್ಟಿದ ನನಗೆ ಅದು ಹೊಳೆಯಲೇ ಇಲ್ಲವಲ್ಲ!

"ಇದು ನಿಂದು," ಅಂದಳು. "ಆಟಮ್ವಾ ಊರಿನ ಪ್ರದರ್ಶನದಲ್ಲಿ ಚಿಲ್ಲರೆ ಗುಂಡಿ ಡಬ್ಬೀಲಿ ನೀನು ನನ್ ಕೈಯಿಂದ ಕಿತ್ಕೊಂಡಿದ್ದೆ. ವಾರ ಪೂರ್ತಿ ನಿನ್ನನ್ನ ಮಾತಾಡಿಸ್ಲಿಲ್ಲ ನಾನು. ಬೆನ್ನ ಮೇಲೆ ಈ ಗೀರು ನಂಗೆ ಮರೆಯುತ್ತಾ?" ಆಮೇಲೆ ಗಂಡನ ಕಡೆ ತಿರುಗಿದಳು. "ಲೇ ಮುದುಕ, ನನ್ನವು ಎಲ್ಲಿ?"

ಎಲ್ಡನ್ ನದಿ, ಜಾಡಿ, ಅಟ್ಟ, ಎಲ್ಲ ಹೇಳಿದ. ಹೇಳುತ್ತ ಹೇಳುತ್ತ ಅತ್ತುಬಿಟ್ಟ. ಅವಳು ಒಂದು ಜಾಡಿ ತರಿಸಿ, ಮೂಗಿನ ಹತ್ತಿರ ಹಿಡಿದು, ಕಣ್ಣು ಮುಚ್ಚಿಕೊಂಡಳು. ನಾನು ಅವಳ ಉಸಿರನ್ನೇ ನೋಡುತ್ತ ಕೂತೆ.

"ಟೊಮ್ಯಾಟೊ ಅಂದ್ಕೊಂಡ್ಯಾ?" ಅಂದಳು ಕೊನೆಗೆ. "ಉಪ್ಪು ಹಾಕಿದ್ಯೋ ಇಲ್ವೋ? ಬದನೆಕಾಯಿ! ನನ್ನನ್ನ ಕಟ್ಕೊಂಡು ಇಷ್ಟು ವರ್ಷ ಆಯ್ತು, ಒಂದು ದಿನಾನಾದ್ರೂ ಆ ಟ್ರಕ್ಕಿಂದ ಇಳಿದು ಒಳಗೆ ಬಂದಿದ್ರೆ?"

ಬೈಗುಳ ಬಹಳ ಹೊತ್ತು ನಡೆಯಿತು. ನಡುನಡುವೆ ದಮ್ಮು ಕಟ್ಟಿ ನಿಲ್ಲಿಸುತ್ತಿದ್ದಳು, ಮತ್ತೆ ಶುರು ಮಾಡುತ್ತಿದ್ದಳು. ಎಲ್ಡನ್ ಕಣ್ಣೊರೆಸಿಕೊಳ್ಳುತ್ತ ನನ್ನ ಕಡೆ ನೋಡಿದ. ಅವನ ಮುಖದಲ್ಲಿ ಸಂತೋಷ ಮೂಡುತ್ತಿತ್ತು. ನೋಡಿದೆಯಾ, ಶಕ್ತಿ ಬಂದಿದೆ ಅವಳಿಗೆ, ಅನ್ನುವಂತೆ.

ಹಾಳಾಗದೆ ಉಳಿದ ಗುಂಡಿಗಳ ತಟ್ಟೆ ತರಲು ಹೇಳಿದಳು. ಬೆರಳಾಡಿಸಿ ಒಂದೊಂದನ್ನೂ ಮುಟ್ಟಿ ನೋಡಿದಳು. ನಂತರ ಇಡೀ ತಟ್ಟೆಯನ್ನು ನನ್ನ ಕಡೆ ನೂಕಿದಳು.

"ತಗೊಂಡು ಹೋಗು."

"ಉಜ್ಜಿ ಹೊಳಪು ಮಾಡ್ಕೊಂಡು ತರ್ಲಾ?" ಅಂದೆ. ಅರ್ಥವಾಗಿತ್ತು, ಆದರೂ ಹಾಗಂದೆ.

"ತರೋದು ಬೇಡ. ನಿನ್ ಹತ್ರಾನೇ ಇರ್ಲಿ."

"ಅವಳಿಗ್ಯಾಕೆ ಕೊಡ್ತೀಯ?" ಎಲ್ಡನ್ ಎದ್ದು ನಿಂತ. "ಸೆಪ್ಟೆಂಬರ್‌ಗೆ ಬೇಕಲ್ಲ ನಿಂಗೆ? ನಾನು ಬರ್ತೀನಿ ಕಣೆ ಈ ಸಲ, ಒಳಗೇ ಬಂದು ಕೂರ್ತೀನಿ."

ಲವೋನ್ ಅವನನ್ನೇ ನೋಡಿದಳು. ಅಷ್ಟು ಹೊತ್ತು ಇದ್ದ ಕೋಪ ಅವಳ ಮುಖದಿಂದ ಇಳಿದುಹೋಗಿತ್ತು.

"ಎಲ್ಡನ್, ನಾನು ಹೋಗಲ್ಲ ಸೆಪ್ಟೆಂಬರ್‌ಗೆ."

ಎಲ್ಡನ್ ತಟ್ಟೆಯ ಅಂಚು ಹಿಡಿದುಕೊಂಡ. ನಾನು ಬಿಟ್ಟೆ, ಅವನು ಬಿಡಲಿಲ್ಲ.

"ಒಂದಾದ್ರೂ ನಂಗೆ ಬಿಡು," ಅಂದ.

ಅವಳು ಹುಡುಕಿ ಒಂದು ಹಸಿರು ಕೇಸಿನ್ ಗುಂಡಿ ತೆಗೆದು ಅವನ ಅಂಗೈಯಲ್ಲಿಟ್ಟಳು.

"ಎಲ್ಲಿಡ್ತೀಯ?"

"ಅಂಗಿ ಜೇಬಲ್ಲಿ."

"ಅದಕ್ಕೆ ನೀರು ಆಗಲ್ಲ," ಅಂದಳು ಲವೋನ್. "ಇನ್ಮೇಲೆ ಬಟ್ಟೆ ಒಗೆಯೋನು ನೀನೇ. ಮಷೀನಿಗೆ ಹಾಕೋ ಮುಂಚೆ ಜೇಬು ನೋಡ್ಕೊ."

"ನೋಡ್ಕೋತೀನಿ," ಅಂದ ಎಲ್ಡನ್.